ಯಂತ್ರ ಬಂದಿದೆ, ಇಳಿಜಾರು ಹಾಗೆಯೇ ಇದೆ

ಮಳೆ ತುಸು ಹೊಳವಾಯಿತೆಂದರೆ ನಮ್ಮ ಸಂಘದ ಕಛೇರಿಯ ಬಾಗಿಲಲ್ಲಿ ಏನು ನಡೆಯುತ್ತದೆಂಬುದು ಸದಸ್ಯರಿಗೆಲ್ಲ ತಿಳಿದ ಸಂಗತಿ. ಕಳೆ ಹೊಡೆಯುವ ಯಂತ್ರಕ್ಕೆ ಹೆಸರು ಬರೆಸಲು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. "ನಮ್ಮ ಸರದಿ ಯಾವತ್ತು?" "ನಿನ್ನೆ ತಗೊಂಡವರು ಯಾಕೆ ಇನ್ನೂ ತಂದಿಲ್ಲ?" ಎಂಬ ಮಾತುಗಳೇ ಹೆಚ್ಚು. ಬಾಡಿಗೆ ರಿಜಿಸ್ಟರಿನಲ್ಲಿ ಸದಸ್ಯರ ಹೆಸರು, ಯಂತ್ರದ ನಂಬರು, ಠೇವಣಿ, ಒಯ್ದ ದಿನ, ತಂದ ದಿನ ಎಂದು ಕಾಲಂಗಳಿವೆ. ಯಂತ್ರವನ್ನು ಹೆಗಲಿಗೆ ಹಾಕಿಕೊಳ್ಳುವವರು ಯಾರು, ಅವರಿಗೆ ಅದು ಗೊತ್ತಿದೆಯೇ, ತೋಟದ ಇಳಿಜಾರು ಎಷ್ಟು ಎಂಬುದಕ್ಕೆ ಕಾಲಂ ಇಲ್ಲ. ಆ ರಿಜಿಸ್ಟರಿಗೆ ಗೆರೆ ಎಳೆದವರು ನಾವೇ. ಆದುದರಿಂದ ಈ ಲೇಖನದಲ್ಲಿ ಬರುವ ಆಕ್ಷೇಪಣೆಗಳಲ್ಲಿ ಮೊದಲನೆಯದು ನಮ್ಮ ಮೇಲೆಯೇ ಎಂದು ಓದುಗರು ತಿಳಿಯತಕ್ಕದ್ದು.

ನಾವು ಯಂತ್ರಗಳ ವಿರೋಧಿಗಳಲ್ಲ. ಸಂಘವು ಇವನ್ನು ಖರೀದಿಸಬೇಕೆಂದು ಸಭೆಯಲ್ಲಿ ವಾದಿಸಿದವರೂ ನಾವೇ. ಮೂರು ಎಕರೆ ಕಾಫಿ, ಒಂದೆಕರೆ ಅಡಿಕೆ ಇರುವ ರೈತನಿಗೆ ಸಮಯಕ್ಕೆ ಸರಿಯಾಗಿ ಆಳು ಸಿಗುವ ಕಾಲ ಹೋಗಿ ಬಹಳ ವರ್ಷಗಳಾದವು. ಕತ್ತಿಯಲ್ಲಿ ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಇಬ್ಬರು ಮುಗಿಸುವಂತಾದುದು ಸಣ್ಣ ಉಪಕಾರವಲ್ಲ. ಆದರೆ ಒಂದು ಮಾತನ್ನು ನಾವೆಲ್ಲರೂ ಮರೆತಂತಿದೆ. ಈ ಯಂತ್ರಗಳಲ್ಲಿ ಬಹುಪಾಲು ಹುಟ್ಟಿದ್ದು ಸಮತಟ್ಟಾದ ನೆಲಕ್ಕೆ. ನಮ್ಮದು ಧರೆ, ಕಪ್ಪು, ಕೊರಕಲುಗಳ ಸೀಮೆ. ವರ್ಷದಲ್ಲಿ ನಾಲ್ಕೈದು ತಿಂಗಳು ನೆಲ ಒದ್ದೆ. ಉಳಿದ ತಿಂಗಳು ಅದರ ಮೇಲೆ ದರಗು. ಯಂತ್ರ ಹೊಸದಾಗಿ ಬಂದಿದೆ, ಇಳಿಜಾರು ಮಾತ್ರ ಅಜ್ಜನ ಕಾಲದ್ದೇ.

2023ರ ಸೆಪ್ಟೆಂಬರಿನಲ್ಲಿ ನಮ್ಮ ಸ್ವಂತ ತೋಟದಲ್ಲಿ ನಡೆದುದನ್ನು ಇಲ್ಲಿ ಹೇಳದೆ ಮುಂದುವರಿಯುವುದು ಸರಿಯಲ್ಲ. ಸಂಘದ ಯಂತ್ರವನ್ನೇ ಒಯ್ದಿದ್ದೆವು. ಅಡಿಕೆ ತೋಟದ ಮೇಲ್ಗಡೆಯ ಕಾಫಿಯ ಪಟ್ಟಿಯಲ್ಲಿ ಕಳೆ ಹೊಡೆಸುವುದಿತ್ತು. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಗಿತ್ತು. ಬೆಳಿಗ್ಗೆ ಒಂದು ಜೋರು ಮಳೆ ಬಂದು ನಿಂತಿತು. ಹಲವು ವರ್ಷಗಳಿಂದ ನಮ್ಮಲ್ಲಿ ಕೆಲಸ ಮಾಡುವ ಆಳು, "ಅಯ್ಯಾ, ನೆಲ ಜಾರ್ತದೆ, ನಾಳೆ ಬಿಸಿಲು ಬಂದ್ಮೇಲೆ ಹೊಡೆಯಾಣ" ಅಂದ. ನಾವು, "ನಾಳೆ ಮಿಷನ್ನು ಬೇರೆಯವರಿಗೆ ಹೋಗ್ಬೇಕು ಕಣೋ, ಇವತ್ತೇ ಮುಗಿಸಿಬಿಡು" ಎಂದೆವು. ಹೆಗಲ ಪಟ್ಟಿ ಉರುಟಾಗಿ ಒತ್ತುತ್ತದೆಂದು ಅವನು ಅದನ್ನು ಬಿಚ್ಚಿಟ್ಟಿದ್ದುದನ್ನು ನಾವು ಕಂಡೂ ಸುಮ್ಮನಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅವನ ಕೆಳಗಾಲು ಒಂದು ಅಡಿಕೆ ಹಾಳೆಯ ಮೇಲೆ ಬಿತ್ತು. ಒದ್ದೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡು ಆಡಿದ ಬಾಲ್ಯ ನಮ್ಮೆಲ್ಲರದೂ ಹೌದು. ಅದು ಎಷ್ಟು ಜಾರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅವನು ಬೆನ್ನ ಮೇಲೆ ಜಾರಿದ; ಯಂತ್ರ ಕೈಬಿಟ್ಟು ಅವನಿಗಿಂತ ಮೊದಲೇ ಕೆಳಗೆ ಹೋಗಿ ನಿಂತಿತು. ತಿರುಗುತ್ತಿದ್ದ ಬ್ಲೇಡಿಗೆ ಅವನ ಎಡಗಾಲಿನ ಮೀನಖಂಡ ಸಿಕ್ಕಿತು.

ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಕಾಲು ಉಳಿಯಿತು. ಎರಡು ತಿಂಗಳು ಅವನು ಮನೆಯ ಜಗಲಿಯಲ್ಲಿ ಕುಳಿತ. ಚಿಕಿತ್ಸೆಯ ಖರ್ಚನ್ನೂ ಕೂಲಿಯನ್ನೂ ನಾವು ಕೊಟ್ಟೆವು. ಅದನ್ನು ಔದಾರ್ಯವೆಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಈಗ ಅವನು ನಡೆಯುತ್ತಾನೆ, ಕೆಲಸಕ್ಕೂ ಬರುತ್ತಾನೆ, ಕಡಿದಾದ ಜಾಗಕ್ಕೆ ಮಾತ್ರ ಇಳಿಯುವುದಿಲ್ಲ. ನಾವೂ ಇಳಿಯೆಂದು ಹೇಳುವುದಿಲ್ಲ.

ಇದಾದ ಮೇಲೆ ಒಂದು ದಿನ, ಕೆನಡ ದೇಶದಲ್ಲಿ ನೌಕರಿಯಲ್ಲಿರುವ ನಮ್ಮ ಸೋದರಳಿಯ ರಜೆಗೆ ಊರಿಗೆ ಬಂದಿದ್ದಾಗ ಮಾತಿಗೆ ಮಾತು ಬಂದು, ಅಲ್ಲಿ ಚಳಿಗಾಲದಲ್ಲಿ ಮನೆಯ ಮುಂದಿನ ಹಿಮ ತೆಗೆಯಲು ಬಳಸುವ ಯಂತ್ರದ ವಿಷಯ ಹೇಳಿದ. ನಮ್ಮ ಪವರ್ ಟಿಲ್ಲರಿನಂತೆ ಹಿಂದೆ ನಿಂತು ನಡೆಸುವ ಯಂತ್ರ. ಮುಂದುಗಡೆ ಸುರುಳಿಯಾಕಾರದ ಲೋಹದ ಅಲಗು ತಿರುಗಿ ಹಿಮವನ್ನು ಒಳಗೆಳೆದು, ಕೊಳವೆಯೊಂದರ ಮೂಲಕ ಪಕ್ಕಕ್ಕೆ ಎಸೆಯುತ್ತದೆ. ಅದರ ಜತೆ ಬರುವ ಕೈಪಿಡಿಯಲ್ಲಿ ಇಳಿಜಾರಿನ ಬಗ್ಗೆ ಮುಖ್ಯವಾಗಿ ಮೂರು ಸೂಚನೆಗಳಿವೆ. ಇಳಿಜಾರಿಗೆ ಅಡ್ಡಲಾಗಿ ಯಂತ್ರ ಓಡಿಸಬಾರದು. ಇಳಿಜಾರಿನಲ್ಲಿ ದಿಕ್ಕು ಬದಲಿಸುವಾಗ ಬಹಳ ಎಚ್ಚರವಿರಬೇಕು. ತೀರ ಕಡಿದಾದ ಕಡೆ ಯಂತ್ರದ ಪ್ರಯತ್ನವನ್ನೇ ಮಾಡಬಾರದು. ಹಿಮ ಕಟ್ಟಿಕೊಂಡು ಯಂತ್ರ ನಿಂತರೆ ಎಂಜಿನ್ ಆರಿಸಿ, ಅಲಗು ಪೂರ್ತಿ ನಿಂತ ಮೇಲೆ ಕೋಲಿನಿಂದ ತೆಗೆಯಬೇಕೇ ವಿನಾ ಕೈ ಹಾಕಬಾರದೆಂಬುದು ಇನ್ನೊಂದು ಸೂಚನೆ.

ಹಿಮ ಕಾಣದ ನಮಗೆ ಇದರಿಂದೇನು ಎಂದು ಕೇಳಬಹುದು. ನಮ್ಮ ಗಮನ ಸೆಳೆದುದು ಮೂರನೆಯ ಸೂಚನೆ. ಯಂತ್ರ ಮಾರುವವನೇ 'ಇಲ್ಲಿ ಇದನ್ನು ಬಳಸಬೇಡಿ' ಎಂದು ಬರೆದುಕೊಡುತ್ತಾನೆ. ನಾವು ನಮ್ಮ ಯಂತ್ರಗಳಿಗೆ ಅಂಥ ಗೆರೆಯನ್ನು ಎಲ್ಲಿಯೂ ಹಾಕಿಕೊಂಡಿಲ್ಲ.

ಇನ್ನೊಂದು ಸಂಗತಿ. ಹಿಮದ ಯಂತ್ರವನ್ನು ಅಡ್ಡ ಓಡಿಸಬಾರದೆಂದರೆ, ನಡೆದುಕೊಂಡು ತಳ್ಳುವ ಹುಲ್ಲು ಕತ್ತರಿಸುವ ಯಂತ್ರವನ್ನು ಅಡ್ಡಲಾಗಿಯೇ ಓಡಿಸಬೇಕು, ಮೇಲೆ ಕೆಳಗೆ ಓಡಿಸಬಾರದು ಎಂದು ಅದರ ಕೈಪಿಡಿ ಹೇಳುತ್ತದೆ. ಅದೇ ಹುಲ್ಲು ಕತ್ತರಿಸುವ ಯಂತ್ರ ಕುಳಿತು ನಡೆಸುವಂಥದಾದರೆ ಮತ್ತೆ ನಿಯಮ ತಿರುಗುತ್ತದೆ: ಮೇಲೆ ಕೆಳಗೆ ಓಡಿಸಿ, ಅಡ್ಡ ಬೇಡ. ಮೇಲ್ನೋಟಕ್ಕೆ ಇದು ಗೊಂದಲವೆನಿಸಿದರೂ ಕಾರಣ ಸ್ಪಷ್ಟವಾಗಿದೆ. ಹಿಮದ ಮೇಲೆ ಅಡ್ಡ ನಿಂತ ಯಂತ್ರ ಪಕ್ಕಕ್ಕೆ ಜಾರುತ್ತದೆ. ತಳ್ಳುವ ಯಂತ್ರವನ್ನು ಮೇಲೆ ಕೆಳಗೆ ಓಡಿಸಿದರೆ ಕಾಲು ಜಾರಿದವನ ಪಾದ ಅದರ ಅಡಿಗೆ ಹೋಗುತ್ತದೆ. ಕುಳಿತು ನಡೆಸುವ ಯಂತ್ರ ಅಡ್ಡ ಹೋದರೆ ಮಗುಚಿ ಬೀಳುತ್ತದೆ. ಆದುದರಿಂದ ಎಲ್ಲ ಯಂತ್ರಕ್ಕೂ ಒಂದೇ ಸೂತ್ರವಿಲ್ಲ. ಕೆಲಸಕ್ಕೆ ಮೊದಲು ಕೇಳಿಕೊಳ್ಳಬೇಕಾದುದು ಒಂದೇ ಪ್ರಶ್ನೆ: ಕೈ ತಪ್ಪಿದರೆ ಈ ಯಂತ್ರ ಎತ್ತ ಹೋಗುತ್ತದೆ, ಆಗ ಮನುಷ್ಯ ಎಲ್ಲಿರುತ್ತಾನೆ? ಈ ಪ್ರಶ್ನೆಯನ್ನಿಟ್ಟುಕೊಂಡು ನಮ್ಮ ತೋಟದ ಯಂತ್ರಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಕಳೆ ಹೊಡೆಯುವ ಯಂತ್ರ. ಇದರ ಬ್ಲೇಡು, ಹಿಡಿದವನ ಕಣ್ಣಿಗೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರದ ಮುಖವೆಂದು ಭಾವಿಸಿದರೆ 12ರಿಂದ 3ರವರೆಗಿನ ಭಾಗ ಕಲ್ಲಿಗೋ ಕಾಫಿ ಬೊಡ್ಡೆಗೋ ತಾಗಿದಾಗ ಯಂತ್ರ ಬಲಕ್ಕೂ ಹಿಂದಕ್ಕೂ ಒದೆಯುತ್ತದೆ. ಸಪಾಟು ನೆಲದಲ್ಲಿ ಆ ಒದೆತವನ್ನು ತಡೆದುಕೊಳ್ಳಬಹುದು. ಇಳಿಜಾರಿನಲ್ಲಿ ಅದೇ ಮನುಷ್ಯನನ್ನು ಕೆಡವಲು ಸಾಕು. ಆದುದರಿಂದ ಬ್ಲೇಡಿನ ಎಡಭಾಗದಿಂದಲೇ, ಬಲದಿಂದ ಎಡಕ್ಕೆ ಬೀಸಿ ಕತ್ತರಿಸಬೇಕು. ಇಳಿಜಾರಿನಲ್ಲಿ ಕೆಳಗಿನಿಂದ ಕೆಲಸ ಆರಂಭಿಸಿ, ಗುಡ್ಡದ ಮೇಲ್ಭಾಗ ನಮ್ಮ ಬಲಕ್ಕೆ ಇರುವಂತೆ ಅಡ್ಡಲಾಗಿ ಒಂದು ಪಟ್ಟಿ ಹೊಡೆಯಬೇಕು. ಕತ್ತರಿಸಿದ ಹುಲ್ಲು ಎಡಕ್ಕೆ, ಅಂದರೆ ಆಗಲೇ ಸ್ವಚ್ಛವಾದ ಕೆಳಭಾಗಕ್ಕೆ, ತಾನಾಗಿ ಬೀಳುತ್ತದೆ. ಪಟ್ಟಿ ಮುಗಿದ ಮೇಲೆ ಬರಿಗೈಯಲ್ಲಿ ಹಿಂದಿರುಗಿ ಅದರ ಮೇಲಿನ ಪಟ್ಟಿ ಹಿಡಿಯಬೇಕು. ವಾಪಸು ಬರುವ ನಡಿಗೆ ದಂಡವೆಂದು ಮೇಸ್ತ್ರಿಗಳು ಹೇಳುವುದುಂಟು. ಆ ನಡಿಗೆಯಲ್ಲೇ ತೋಳಿಗೆ ವಿಶ್ರಾಂತಿ ಸಿಗುತ್ತದೆ ಎಂಬುದು ನಮ್ಮ ಉತ್ತರ.

ಹೆಗಲ ಪಟ್ಟಿ ಕಟ್ಟದೆ ಯಂತ್ರ ಹಿಡಿಯಲೇಕೂಡದು. ಪಟ್ಟಿ ಇದ್ದರೆ ಬಿದ್ದಾಗಲೂ ಬ್ಲೇಡು ದೇಹದಿಂದ ದೂರ ಉಳಿಯುವ ಸಂಭವ ಹೆಚ್ಚು. ಅಗತ್ಯ ಬಿದ್ದರೆ ಒಂದೇ ಎಳೆತಕ್ಕೆ ಕಳಚುವ ಕೊಂಡಿಯೂ ಅದರಲ್ಲಿದೆ. ಬ್ಲೇಡಿನ ಹಿಂದಿನ ಕವಚವನ್ನು ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಬಿಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಚ್ಚಿದ ಕವಚ ಕೊಟ್ಟಿಗೆಯಲ್ಲಿ ತೂಗುತ್ತಿರುವಾಗ ಹಾರಿದ ಕಲ್ಲು ಕಣ್ಣಿಗೆ ಬರುತ್ತದೆ. ಕೆಲಸ ನಡೆಯುವ ಜಾಗದಿಂದ 50 ಅಡಿಯೊಳಗೆ ಯಾರೂ ಇರಬಾರದು. ಕೆಳಗಡೆಯಂತೂ ಇನ್ನೂ ದೂರ. ಸುತ್ತಿಕೊಂಡ ಹುಲ್ಲನ್ನು ತೆಗೆಯುವಾಗ ಹಿಮದ ಯಂತ್ರದ ನಿಯಮವೇ ಇಲ್ಲಿಯೂ: ಎಂಜಿನ್ ಆರಿಸು, ನಿಲ್ಲುವ ತನಕ ಕಾಯಿ, ಕೋಲು ಹಾಕು. ಆಕ್ಸಿಲರೇಟರು ಬಿಟ್ಟ ಮೇಲೂ ಬ್ಲೇಡು ಕೆಲವು ಕ್ಷಣ ತಿರುಗುತ್ತಿರುತ್ತದೆ. ಅರ್ಧ ಗಂಟೆಗೊಮ್ಮೆ ಯಂತ್ರ ಕೆಳಗಿಡಬೇಕು. ಅದರ ನಡುಕದಿಂದ ಕೈ ಜುಮ್ಮೆಂದ ಮೇಲೆ ಹಿಡಿತ ಎಷ್ಟಿದೆಯೆಂದು ಹಿಡಿದವನಿಗೇ ತಿಳಿಯುವುದಿಲ್ಲ.

ಎರಡನೆಯದು ಪವರ್ ಟಿಲ್ಲರು. ಇದರಲ್ಲಿ ಬಹುಮಂದಿಗೆ ತಿಳಿಯದ ಒಂದು ಮೋಸವಿದೆ. ಸಮನೆಲದಲ್ಲಿ ಎಡಗೈಯ ಕ್ಲಚ್ಚು ಹಿಡಿದರೆ ಎಡಗಾಲಿಗೆ ಬರುವ ಶಕ್ತಿ ತಪ್ಪಿ ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿತದಲ್ಲಿ ಎಂಜಿನ್ ಗಾಲಿಗಳನ್ನು ತಳ್ಳುವುದಿಲ್ಲ, ತಡೆಹಿಡಿದಿರುತ್ತದೆ. ಆಗ ಎಡ ಕ್ಲಚ್ಚು ಹಿಡಿದರೆ ಎಡ ಗಾಲಿಯ ತಡೆ ತಪ್ಪಿ ಅದು ವೇಗವಾಗಿ ಉರುಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ! ಎಡಕ್ಕೆ ತಿರುಗಿಸಲು ಹೋದವನು ಬಲಗಡೆಯ ಧರೆಯಿಂದ ಕೆಳಗೆ ಬೀಳುವುದು ಹೀಗೆ. ಗದ್ದೆಯಲ್ಲಿ ಹತ್ತು ವರ್ಷ ಟಿಲ್ಲರು ಹೊಡೆದವನಿಗೂ ಗುಡ್ಡದ ದಾರಿಯಲ್ಲಿ ಇದು ಹೊಸ ಪಾಠವೇ. ಇಳಿತದಲ್ಲಿ ಪಕ್ಕದ ಕ್ಲಚ್ಚುಗಳನ್ನು ಮುಟ್ಟದೆ, ಕಡಿಮೆ ಗೇರಿನಲ್ಲಿ, ಹಿಡಿಯನ್ನೇ ಒತ್ತಿ ತಿರುಗಿಸಬೇಕು. ಹಿಂದಕ್ಕೆ ತರುವಾಗ ಹಿಡಿ ಮೇಲೇಳುತ್ತದೆ. ಬೆನ್ನ ಹಿಂದೆ ಅಡಿಕೆ ಮರವಿದ್ದರೆ ಮನುಷ್ಯ ಮರಕ್ಕೂ ಹಿಡಿಗೂ ನಡುವೆ ಸಿಕ್ಕುತ್ತಾನೆ. ಹಿಂದೆ ನೋಡದೆ ರಿವರ್ಸ್ ಗೇರು ಹಾಕಬಾರದು.

ಮೂರನೆಯದು ಟ್ರ್ಯಾಕ್ಟರು. ಕಿರಿದಾದ ಸಣ್ಣ ಟ್ರ್ಯಾಕ್ಟರುಗಳು ಕಾಫಿ ಸಾಲುಗಳ ನಡುವೆ ನುಗ್ಗುತ್ತವೆಂಬ ಕಾರಣಕ್ಕೆ ಜನಪ್ರಿಯವಾಗಿವೆ. ಆದರೆ ಗಾಲಿಗಳ ನಡುವಿನ ಅಂತರ ಕಡಿಮೆಯಾದಷ್ಟೂ ಮಗುಚುವುದು ಸುಲಭ. ಏರಿದ ಗೇರಿನಲ್ಲೇ ಇಳಿಯಬೇಕು. ಇಳಿತದಲ್ಲಿ ಕ್ಲಚ್ಚು ಒತ್ತಬಾರದು, ನ್ಯೂಟ್ರಲ್‌ಗೆ ತರಬಾರದು. ಎಡ ಬಲ ಬ್ರೇಕುಗಳೆರಡನ್ನೂ ಕೊಂಡಿ ಹಾಕಿ ಜೋಡಿಸಿರಬೇಕು. ಒಂದೇ ಬ್ರೇಕು ಒತ್ತಿದರೆ ಟ್ರ್ಯಾಕ್ಟರು ಗಕ್ಕನೆ ತಿರುಗಿ ಪಲ್ಟಿ ಹೊಡೆಯುತ್ತದೆ. ಬೋರ್ಡೋ ದ್ರಾವಣದ ಡ್ರಮ್ಮಿನ ವಿಷಯದಲ್ಲೂ ಜೋಕೆ. 200 ಲೀಟರಿನ ಡ್ರಮ್ಮಿನಲ್ಲಿ ನೀರೇ 200 ಕಿಲೋ. ಅರ್ಧ ತುಂಬಿದ ಡ್ರಮ್ಮು ಹಗುರವೆಂದು ನಾವು ಭಾವಿಸುತ್ತೇವೆ; ವಾಸ್ತವವಾಗಿ ತಿರುವಿನಲ್ಲಿ ಆ ನೀರೆಲ್ಲ ಕೆಳಮಗ್ಗುಲಿಗೆ ಧಾವಿಸಿ ಗಾಡಿಯನ್ನು ಅತ್ತಲೇ ಎಳೆಯುತ್ತದೆ.

ಸ್ವೀಡನ್ ದೇಶವು 1959ರಲ್ಲಿಯೇ, ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇರಲೇಬೇಕೆಂದು ಕಾನೂನು ಮಾಡಿತು. ಅನಂತರದ ವರ್ಷಗಳಲ್ಲಿ ಅಲ್ಲಿ ಟ್ರ್ಯಾಕ್ಟರು ಮಗುಚಿ ಸಾಯುವವರ ಸಂಖ್ಯೆ ತೀರ ಇಳಿದುಹೋಯಿತು. ಟ್ರ್ಯಾಕ್ಟರು ಮಗುಚುವುದು ನಿಂತಿತೆಂದಲ್ಲ. ಮಗುಚಿದರೂ ಮನುಷ್ಯ ಉಳಿದ. ನಮ್ಮಲ್ಲಿ ಆ ಚೌಕಟ್ಟನ್ನು ಕೊಂಬೆಗೆ ತಾಗುತ್ತದೆಂದು ಬಿಚ್ಚಿಡುವುದುಂಟು. ಮಡಚುವ ಚೌಕಟ್ಟು ದೊರೆಯುತ್ತದೆ. ಕೊಂಬೆ ದಾಟಿದೊಡನೆ ಮತ್ತೆ ನಿಲ್ಲಿಸಬಹುದು. ಚೌಕಟ್ಟಿದ್ದಾಗ ಸೀಟಿನ ಬೆಲ್ಟನ್ನೂ ಕಟ್ಟಬೇಕು. ಇಲ್ಲದಿದ್ದರೆ ಹೊರಗೆ ಎಸೆಯಲ್ಪಟ್ಟವನ ಮೇಲೆ ಆ ಚೌಕಟ್ಟೇ ಬಿದ್ದೀತು.

ಇನ್ನು ಕಡಿದೆಂದರೆ ಎಷ್ಟು? ಕಣ್ಣಂದಾಜು ನಂಬತಕ್ಕದ್ದಲ್ಲ; ದಿನಾ ಓಡಾಡುವ ಗುಡ್ಡ ಯಜಮಾನನಿಗೆ ಚಪ್ಪಟೆಯಾಗಿಯೇ ಕಾಣುತ್ತದೆ. ಹತ್ತು ಅಡಿ ಉದ್ದದ ನೆಟ್ಟಗಿನ ಬಿದಿರನ್ನೋ ಪೈಪನ್ನೋ ತೆಗೆದುಕೊಳ್ಳಿ. ಒಂದು ತುದಿಯನ್ನು ಮೇಲ್ಗಡೆಯ ನೆಲಕ್ಕೆ ಇಟ್ಟು, ಗಾರೆಯವರ ರಸಮಟ್ಟ ಅದರ ಮೇಲಿಟ್ಟು ಸಮಮಾಡಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟಿದೆಯೆಂದು ಅಳೆಯಿರಿ. 2 ಅಡಿ 8 ಅಂಗುಲ ಬಂದರೆ ಇಳಿಜಾರು 15 ಡಿಗ್ರಿ. ಕುಳಿತು ನಡೆಸುವ ಹುಲ್ಲಿನ ಯಂತ್ರಗಳಿಗೆ ಅನೇಕ ತಯಾರಕರು ಹಾಕುವ ಗಡಿ ಇದೇ. 3 ಅಡಿ 8 ಅಂಗುಲ ಬಂದರೆ 20 ಡಿಗ್ರಿ. ನಮ್ಮ ಅಭಿಪ್ರಾಯದಲ್ಲಿ, 15 ಡಿಗ್ರಿ ದಾಟಿದ ಕಡೆ ಕುಳಿತು ನಡೆಸುವ ಯಂತ್ರ ಬೇಡ. 20 ದಾಟಿದ ಕಡೆ ಕಳೆ ಯಂತ್ರವೂ ಬೇಡ, ಕತ್ತಿಯೇ ಸಾಕು. ಮಳೆ ಬಂದ ದಿನ ಈ ಲೆಕ್ಕವೂ ಇಲ್ಲ. ಅಂದು ಯಾವ ಇಳಿಜಾರೂ ಬೇಡ. ಕಡಿದಾದ ಜಾಗದಲ್ಲಿ ನೆಲ ಕಾಣುವಂತೆ ಕಳೆ ತೆಗೆಯದೆ ಒಂದಷ್ಟು ಹುಲ್ಲು ಉಳಿಸಿದರೆ ಮೇಲ್ಮಣ್ಣೂ ಉಳಿಯುತ್ತದೆ. ಆ ಮಣ್ಣು ಒಮ್ಮೆ ಹಳ್ಳ ಸೇರಿದರೆ ಯಾವ ಸಂಘವೂ ಅದನ್ನು ಬಾಡಿಗೆಗೆ ತಂದುಕೊಡಲಾರದು.

ಇಷ್ಟು ಹೇಳಿದಾಗ ಸದಸ್ಯರ ಮಾತು ಏನೆಂದು ನಮಗೆ ಗೊತ್ತು. "ಕತ್ತಿ ಹಿಡಿಯುವ ಆಳು ಎಲ್ಲಿದ್ದಾರೆ, ನೀವೇ ಕಳಿಸಿಕೊಡಿ" ಎನ್ನುತ್ತಾರೆ. ನ್ಯಾಯವಾದ ಮಾತು. ಆದರೆ ನಮ್ಮ ಹಿಡುವಳಿಗಳಲ್ಲಿ 20 ಡಿಗ್ರಿ ದಾಟಿದ ಜಾಗ ಇಡೀ ತೋಟವಲ್ಲ. ಹೆಚ್ಚಿನ ಕಡೆ ಅಲ್ಲೊಂದು ಇಲ್ಲೊಂದು ಪಟ್ಟಿ. ಉಳಿದುದನ್ನು ಯಂತ್ರ ಮಾಡಿದ ಮೇಲೆ ಆ ಪಟ್ಟಿಗೆ ಬೇಕಾಗುವ ಕೈಗಳು ಕೆಲವೇ. ಅದಕ್ಕೆ ಸ್ವಲ್ಪ ಹೆಚ್ಚು ಕೂಲಿ ಕೊಡಬೇಕಾದೀತು, ಎಂಟು ದಿನ ತಡವಾದೀತು. ತಡವಾದ ಕಳೆಯಿಂದ ತೋಟ ಸಾಯುವುದಿಲ್ಲ.

"ಅವನೇ ಅಜಾಗರೂಕತೆಯಿಂದ ಬಿದ್ದ" ಎಂಬುದು ಇನ್ನೊಂದು ಮಾತು. ನಾವೂ ಮೊದಲ ವಾರ ಹಾಗೆಯೇ ಹೇಳಿಕೊಂಡು ತಿರುಗಿದೆವು. ಹೆಗಲ ಪಟ್ಟಿ ಬಿಚ್ಚಿದ್ದು ಅವನು, ನಿಜ. ಮಳೆ ಬಿದ್ದ ನೆಲಕ್ಕೆ ಇಳಿಸಿದವರು ನಾವು. ಎಕರೆ ಲೆಕ್ಕದ ಗುತ್ತಿಗೆ ಮಾಡಿ, ನಿಧಾನಿಸಿದರೆ ಅವನಿಗೇ ನಷ್ಟವಾಗುವಂತೆ ಏರ್ಪಾಡು ಮಾಡಿದವರೂ ನಾವು. ಕೆಲಸದಲ್ಲಿ ಪೆಟ್ಟಾದವನಿಗೆ ಕೆಲಸ ಕೊಟ್ಟವನು ಪರಿಹಾರ ಕೊಡತಕ್ಕದ್ದೆಂಬ ತತ್ವ ನಮ್ಮ ದೇಶದ ಕಾನೂನಿಗೆ 1923ರಲ್ಲಿಯೇ ಬಂದಿತು. ಕಾನೂನು ನೂರು ವರ್ಷದ ಹಿಂದೆ ಒಪ್ಪಿದ್ದನ್ನು ನಮ್ಮ ಮನಸ್ಸು ಒಪ್ಪಲು ಇಷ್ಟು ತಡವಾಗಬಾರದು.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಈ ಸಲಹೆಗಳನ್ನಿಡಲು ಉದ್ದೇಶಿಸಿದ್ದೇವೆ. ಒಂದು, ಅರ್ಧ ದಿನದ ತರಬೇತಿ ಪಡೆದವರ ಕೈಗೆ ಮಾತ್ರ ಯಂತ್ರ. ತರಬೇತಿ ಪಡೆಯಬೇಕಾದವರು ಯಂತ್ರ ಹಿಡಿಯುವವರೇ, ಜಗಲಿಯಲ್ಲಿ ಕುಳಿತು ನೋಡುವ ಯಜಮಾನರಲ್ಲ. ತರಬೇತಿಯ ದಿನದ ಕೂಲಿಯನ್ನು ಸಂಘವೇ ಭರಿಸುವುದು. ಎರಡು, ಹೆಗಲ ಪಟ್ಟಿ, ಕನ್ನಡಕ, ಕವಚ ಇವಿಲ್ಲದೆ ಯಂತ್ರ ಹೊರಡದು; ಕವಚ ಬಿಚ್ಚಿ ತಂದವರಿಗೆ ಮರುಸರದಿ ಇಲ್ಲ. ಮೂರು, ಮಳೆ ಬಂದ ದಿನದ ಬಾಡಿಗೆ ಮಾಫಿ, ಸರದಿ ಒಂದು ದಿನ ಮುಂದಕ್ಕೆ. ನಾಲ್ಕು, ಇಳಿಜಾರಿನ ಕಳೆಗೆ ಎಕರೆ ಗುತ್ತಿಗೆ ಬಿಟ್ಟು ದಿನಗೂಲಿ. ಐದು, ಇಳಿಜಾರು ಅಳೆಯುವ ಹತ್ತಡಿಯ ಪೈಪು ಮತ್ತು ರಸಮಟ್ಟ ಎರಡು ಜೊತೆ ಸಂಘದಲ್ಲಿ ಇಡುವುದು. ಅಳತೆಯನ್ನು ರಿಜಿಸ್ಟರಿನಲ್ಲಿ ಬರೆಯುವುದು.

ಆರನೆಯದಾಗಿ, ಯಂತ್ರ ಹಿಡಿಯುವ ಪ್ರತಿಯೊಬ್ಬರಿಗೂ ಅಪಘಾತ ವಿಮೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯುಳ್ಳ ಯಾರೂ ಸೇರಬಹುದು. ಅಪಘಾತದಲ್ಲಿ ಮರಣವಾದರೆ ಎರಡು ಲಕ್ಷ ರೂಪಾಯಿ. ಆದರೆ ಎರಡು ತಿಂಗಳು ಜಗಲಿಯಲ್ಲಿ ಕುಳಿತವನ ಕೂಲಿ ಅದರಿಂದ ಬರುವುದಿಲ್ಲ. ಅದು ನಮ್ಮ ಹೊಣೆಯಾಗಿಯೇ ಉಳಿಯುತ್ತದೆ.

ಇವುಗಳಲ್ಲಿ ಮೂರನೆಯ ಸಲಹೆಯಿಂದ ಸಂಘಕ್ಕೆ ವರಮಾನ ಕಡಿಮೆಯಾಗುವುದು ನಿಶ್ಚಯ. ಕಾರ್ಯದರ್ಶಿಯಾಗಿ ಅದನ್ನು ಮುಚ್ಚಿಡುವುದಿಲ್ಲ. ಆಡಳಿತ ಮಂಡಳಿಯಲ್ಲಿ ಕೆಲವು ಹಿರಿಯರು ಇದಕ್ಕೆ ಒಪ್ಪಿಲ್ಲ. ಅವರ ವಾದವನ್ನೂ ಸಭೆ ಕೇಳಲಿ. ಆದರೆ ಅಂದು ನಮ್ಮ ತೋಟದಲ್ಲಿ 'ನಾಳೆ ಮಿಷನ್ನು ಬೇರೆಯವರಿಗೆ ಹೋಗ್ಬೇಕು' ಎಂಬ ಮಾತು ನಮ್ಮ ಬಾಯಿಂದ ಹೊರಟುದು ನಾವೇ ಮಾಡಿದ ಬಾಡಿಗೆ ನಿಯಮದಿಂದ. ಒಂದು ದಿನದ ಬಾಡಿಗೆ ಬಿಟ್ಟಿದ್ದರೆ ಒಂದು ಕಾಲು ಉಳಿಯುತ್ತಿತ್ತು ಎಂಬ ಲೆಕ್ಕವನ್ನು ಯಾವ ಜಮಾಖರ್ಚಿನ ಪುಸ್ತಕದಲ್ಲಿ ಬರೆಯುವುದೆಂದು ನಮಗೆ ತಿಳಿಯದಾಗಿದೆ.

ಸಭೆ ತೀರ್ಮಾನಿಸುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಮಳೆ ಬಂದ ಬೆಳಿಗ್ಗೆ ನಿಮ್ಮ ಆಳು "ಅಯ್ಯಾ, ನೆಲ ಜಾರ್ತದೆ" ಎಂದರೆ, ದಯವಿಟ್ಟು ಅವನ ಮಾತು ಕೇಳಿ. ಅಂದು ಕೊಟ್ಟೆ ಸೋಸುವುದೋ, ಚೀಲ ಹೊಲಿಯುವುದೋ, ಏನಾದರೊಂದು ಕೆಲಸ ಇದ್ದೇ ಇರುತ್ತದೆ.